ಉಡಿದಾರದ ಕಾಸು

ನಮ್ಮ ಮನೆಯ ಯಾವ ಪಾತ್ರೆಯ ಮೇಲೂ ಹೆಸರಿಲ್ಲ. ಹೇಳಿದರೆ ಜನ ನಂಬುವುದಿಲ್ಲ, ಯಾಕೆಂದರೆ ಪಾತ್ರೆಗಳಿಗೆ ಹೆಸರು ಹಾಕುವುದೇ ನಮ್ಮವರ, ನನ್ನ ಯಜಮಾನರ, ಕೆಲಸವಾಗಿತ್ತು. ಕೊಟ್ಟೂರಿನಲ್ಲಿ ನಮ್ಮದೊಂದು ಸಣ್ಣ ಪಾತ್ರೆ ಅಂಗಡಿ. ಮದುವೆಗೋ ತೊಟ್ಟಿಲಿಗೋ ಪಾತ್ರೆ ಕೊಂಡವರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಕೊಟ್ಟವರ ಹೆಸರು, ತಗೊಂಡವರ ಹೆಸರು ಹಾಕಿಸಿಕೊಂಡು ಹೋಗುತ್ತಿದ್ದರು. ನಮ್ಮವರು ಪಾತ್ರೆಯನ್ನು ಎರಡು ಮೊಣಕಾಲ ನಡುವೆ ಹಿಡಿದು, ಸಣ್ಣ ಉಳಿಯ ಮೇಲೆ ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಬಡಿಯುತ್ತಾ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದರು. ಹೆಸರು ಮುಗಿದ ಮೇಲೆ, ಕೊನೆಯ ಅಕ್ಷರದ ಆಚೆಗೆ, ಸ್ವಲ್ಪ ಕೆಳಗೆ, ಒಂದು ಚುಕ್ಕಿ ಹೆಚ್ಚಿಗೆ ಇಡುತ್ತಿದ್ದರು. ಯಾಕೆಂದು ಕೇಳಿದರೆ, "ಉಳಿ ಎತ್ತಾಕ ಮನಸು ಬರಂಗಿಲ್ಲಲೇ" ಎಂದು ನಗುತ್ತಿದ್ದರು.

ನಮ್ಮ ಮನೆಯ ಪಾತ್ರೆಗಳಿಗೂ ಹಾಕಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ.

"ಮಂದಿ ಪಾತ್ರಿ ಮಂದ್ಯಾಗ ಬೆರೀತಾವಂತ ಹೆಸರು ಹಾಕ್ತಾರ. ನಮ್ಮವು ಎಲ್ಲಿಗೆ ಹೋಗ್ತಾವು? ಹಾಕೋಣಂತ ಬಿಡು."

ಅವರು ಹೋದ ಮೇಲೆ, ಹತ್ತು ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ, ನಾನು ಅಡುಗೆಮನೆಯ ಒಂದೊಂದೇ ಪಾತ್ರೆ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಎಲ್ಲಾದರೂ ಒಂದು ಅಕ್ಷರ ಹಾಕಿರಬಹುದು, ನನಗೆ ಹೇಳಿರಲಿಕ್ಕಿಲ್ಲ ಎಂಬ ಆಸೆ. ಇರಲಿಲ್ಲ. ಆಗಲೇ ಆ ಕಾಸು ನೆನಪಾದದ್ದು. ಅದನ್ನು ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕು.

ತೊಂಬತ್ತರ ದಶಕದಲ್ಲಿ ಜನ ಮನೆಯ ತಾಮ್ರ, ಹಿತ್ತಾಳೆಯನ್ನೆಲ್ಲ ಹೊರಗೆ ಹಾಕಿ ಸ್ಟೀಲ್ ಕೊಳ್ಳುತ್ತಿದ್ದರು. ನಮ್ಮವರು ಸ್ಟೀಲ್ ಪಾತ್ರೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಸಂತೆಗಳಿಗೆ ಹೋಗಿ, ಬರುವಾಗ ತೂತು ಬಿದ್ದ ಹಂಡೆ, ಸೊಟ್ಟಗಾದ ಕೊಡ ತುಂಬಿಕೊಂಡು ಬರುತ್ತಿದ್ದರು. ಅವೆಲ್ಲ ಕರಗಿಸುವವರಿಗೆ ಹೋಗುತ್ತಿದ್ದವು. ಹಳೆಯ ಪಾತ್ರೆಗಳ ತಳದಲ್ಲಿ ಎಷ್ಟೋ ಸಲ ಹಳೆಯ ಕಾಸುಗಳು ಅಂಟಿಕೊಂಡು ಬರುತ್ತಿದ್ದವು. ನಮ್ಮವರು ಪಾತ್ರೆ ಕರಗಿಸಲು ಕೊಡುತ್ತಿದ್ದರೇ ಹೊರತು ಕಾಸನ್ನು ಕೊಡುತ್ತಿರಲಿಲ್ಲ. ಒಂದು ಪೌಡರ್ ಡಬ್ಬಿಯಲ್ಲಿ ಹಾಕಿಡುತ್ತಿದ್ದರು.

"ತಾಮ್ರ ತಾಮ್ರನ. ಅದ್ರಾಗ ಏನೈತಿ?" ಎಂದು ನಮ್ಮ ಅತ್ತೆ ಗೊಣಗುವರು.

"ಇದನ್ನ ಯಾರೋ ಮುಷ್ಟ್ಯಾಗ ಹಿಡಕೊಂಡು ಸಂತಿಗೆ ಹೋಗ್ಯಾರಬೇ. ಕರಗಿಸಾಕ ಕೈ ಬರಂಗಿಲ್ಲ."

ಒಮ್ಮೆ ಹರಪನಹಳ್ಳಿಯ ಒಂದು ದೊಡ್ಡ ಮನೆಯಿಂದ ಒಂದು ನೀರಿನ ಹಂಡೆ ಬಂತು. ಅದರ ತಳಕ್ಕೆ ಯಾವ ಕಾಲದಲ್ಲೋ ತೂತು ಬಿದ್ದು, ಯಾರೋ ಕಂಚುಗಾರರು ಒಳಗಿನಿಂದ ಒಂದು ಸಣ್ಣ ತಾಮ್ರದ ಬಿಲ್ಲೆ ಇಟ್ಟು, ಅದರ ಅಂಚಿನ ಹತ್ತಿರ ಮೊಳೆ ಬಡಿದು, ಸುತ್ತ ಬೆಸುಗೆ ಹಾಕಿದ್ದರು. ಅದನ್ನು ಎಬ್ಬಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದೊಂದು ಕಾಸು. ಬೆರಳ ಉಗುರಿಗಿಂತ ತುಸು ದೊಡ್ಡದು, ಸರಿಯಾಗಿ ದುಂಡಗೂ ಇಲ್ಲ. ಒಂದು ಬದಿ ಪೂರಾ ಸವೆದಿತ್ತು. ಇನ್ನೊಂದು ಬದಿಯಲ್ಲಿ ಸೆರಗು ಹೊದ್ದ ಹೆಂಗಸು, ಅವಳ ತೋಳಿನಲ್ಲಿ ಕೂಸು. ಅಂಚಿಗೆ ಮೊಳೆಯ ತೂತು.

ನಮ್ಮವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡೇ ಅಡುಗೆಮನೆಗೆ ಬಂದು ನನಗೆ ತೋರಿಸಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅದಕ್ಕೂ ಮುಂಚೆ ನನಗೆ ಎರಡು ಬಸಿರು ನಿಂತಿರಲಿಲ್ಲ. ಎರಡನೆಯದು ಏಳು ತಿಂಗಳಿನದು. ಕೂಸಿರುವ ಚಿತ್ರವನ್ನು ನನಗೆ ತೋರಿಸಿದ್ದೇ ತಪ್ಪಾಯಿತೇನೋ ಎಂದು ಅವರಿಗೆ ಆಮೇಲೆ ಹೊಳೆದಿರಬೇಕು, ಕೈ ಮುಚ್ಚಿಕೊಂಡರು. ನಾನು ಹಿಟ್ಟಿನ ಬೆರಳಿನಿಂದಲೇ ಅವರ ಮುಷ್ಟಿ ಬಿಡಿಸಿ ಇನ್ನೊಮ್ಮೆ ನೋಡಿದೆ.

ಅದು ಎಲ್ಲಿಯದೆಂದು ನಮಗೆ ಹೇಳಿದವರು ಒಬ್ಬ ಕಾಲೇಜಿನ ಮೇಷ್ಟ್ರು. ಇತಿಹಾಸ ಪಾಠ ಮಾಡುತ್ತಿದ್ದರು. ಮಗಳ ಮದುವೆಯ ಪಾತ್ರೆಗಳಿಗೆ ಹೆಸರು ಹಾಕಿಸಲು ಬಂದವರು, ಕಾಸಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋದರು. ಒಂದು ತಿಂಗಳ ಮೇಲೆ ಯಾರನ್ನೋ ಕೇಳಿಕೊಂಡು ಬಂದರು.

"ಖಾತ್ರಿ ಹೇಳಂಗಿಲ್ರಿ, ಅಂಚಿನ ಅಕ್ಷರ ಅಳಿಸಿ ಹೋಗ್ಯಾವ. ಆದ್ರ ಇಟಲಿ ಕಡೇದು. ಮುನ್ನೂರು ವರ್ಷದ್ದು ಇರಬೇಕು. ಕ್ವಾತ್ರೀನೋ ಅಂತ ಅಂತಿದ್ರಂತ. ಎಲ್ಲಾದಕ್ಕಿಂತ ಸಣ್ಣ ದುಡ್ಡು."

ಆ ಕಾಲಕ್ಕೆ ಇಟಲಿ ಒಂದೇ ದೇಶವಾಗಿರಲಿಲ್ಲವಂತೆ. ಒಂದೊಂದು ಊರಿಗೆ ಒಬ್ಬೊಬ್ಬ ದೊರೆ, ಎಷ್ಟೋ ಊರಿಗೆ ತಮ್ಮದೇ ಟಂಕಸಾಲೆ. ಚಿನ್ನ, ಬೆಳ್ಳಿಯ ನಾಣ್ಯ ದೊಡ್ಡ ವ್ಯಾಪಾರಸ್ಥರಿಗೆ, ಈ ಕೆಂಪು ತಾಮ್ರ ಬಡವರಿಗೆ. ರೊಟ್ಟಿ, ಉಪ್ಪು, ಉಳ್ಳಾಗಡ್ಡಿಯ ದುಡ್ಡು. ಕೆಲವು ಕಡೆ ಐದು ಕ್ವಾತ್ರೀನೋ ಕೂಡಿದರೆ ಬಯೋಕ್ಕೊ ಎಂಬ ಇನ್ನೊಂದು ನಾಣ್ಯ. ಸಣ್ಣ ನಾಣ್ಯ ಹೊಡೆಯುವುದರಲ್ಲಿ ಲಾಭ ಕಡಿಮೆ, ಕೆಲಸ ಅಷ್ಟೇ, ಅದಕ್ಕೇ ಕೆಲವು ಸಲ ಹೊಡೆಯುತ್ತಲೇ ಇರಲಿಲ್ಲ. ಹೊಡೆದರೆ ಕಳಪೆ ತಾಮ್ರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊಡೆದು ಸುರಿಯುತ್ತಿದ್ದರು. ಒಂದು ಊರಿನ ಕಾಸನ್ನು ಪಕ್ಕದ ಊರಿನವರು ಮೂಸಿ ನೋಡಿ ಬೇಡ ಎನ್ನುವುದೂ ಇತ್ತಂತೆ.

ನಮ್ಮವರು ಉಳಿ ಕೆಳಗಿಟ್ಟು ಜೋರಾಗಿ ನಕ್ಕರು. "ಅಂದ್ರ ನಮ್ಮ ಸಂತಿ ಇದ್ದಂಗ ಆತಲ್ರಿ ಸಾರ್! ಹಡಗಲ್ಯಾಗ ಹತ್ತು ಪೈಸೆ ಇಸಗೊಂತಾರ. ಅದನ್ನ ತಗೊಂಡು ಹಗರಿಬೊಮ್ಮನಹಳ್ಳಿಗೆ ಹೋದ್ರ ಬಾಳೆಹಣ್ಣಿನಾಕಿ ಮಾರಿ ಮ್ಯಾಲೆ ಒಗೀತಾಳ."

ಅದು ನಿಜ. ಆಗ ಐದು ಪೈಸೆ, ಹತ್ತು ಪೈಸೆ ನಡೆಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು, ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ನಾಲ್ಕಾಣೆ, ಎಂಟಾಣೆ ಸಿಗುತ್ತಿರಲಿಲ್ಲ. ಕಿರಾಣಿಯವರು ಚಿಲ್ಲರೆಯ ಬದಲು ಪೆಪ್ಪರಮೆಂಟು ಕೊಡುತ್ತಿದ್ದರು. ಸಂತೆಯಿಂದ ಬಂದ ದಿನ ನಮ್ಮವರ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ, ಪೆಪ್ಪರಮೆಂಟು, ಯಾರಿಗೂ ಬೇಡವಾದ ಅಲ್ಯೂಮಿನಿಯಂ ಪೈಸೆಗಳೇ ಇರುತ್ತಿದ್ದವು.

"ಅಲ್ರಿ ಸಾರ್, ದೊರಿ ಚಿತ್ರ ಹಾಕಾದು ಬಿಟ್ಟು ಈ ಹೆಣ್ಮಗಳ್ನ ಯಾಕ ಹಾಕ್ಯಾರ?"

"ಏಸುವಿನ ತಾಯಿ ಇರಬೇಕು. ಆ ಕಾಲಕ್ಕ ಅಲ್ಲಿ ಗುಡಿ ಎಲ್ಲಾ ಬಂಗಾರದ ಕೆಲಸ, ಕಣ್ಣು ಕುಕ್ಕಂಗ ಕಟ್ಟಿಸ್ತಿದ್ರು. ಆ ಗುಡಿ ಮೆಟ್ಟಿಲ ಮ್ಯಾಲೆ ಉಳ್ಳಾಗಡ್ಡಿ ಮಾರಾಕಿ ಕೈಯಾಗ ಈ ತಾಯಿ."

ಅದು ಇಲ್ಲಿಗೆ ಹೇಗೆ ಬಂತೆಂದು ಮೇಷ್ಟ್ರಿಗೂ ತಿಳಿಯದು. ಹಡಗಿನ ಮೇಲೆ ಬಂದಿರಬಹುದು, ತಾಮ್ರದ ಗಂಟಿನಲ್ಲಿ ಸೇರಿ ಬಂದಿರಬಹುದು ಎಂದರು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮ ಅತ್ತೆಗೆ ಅದ್ಯಾವುದೂ ಬೇಕಿರಲಿಲ್ಲ. ತಾಯಿ, ಕೂಸು, ತೂತು, ಇಷ್ಟೇ ಅವರ ಕಿವಿಗೆ ಬಿದ್ದದ್ದು.

ಮುಂದಿನ ವರ್ಷ ನಮ್ಮ ಮಗಳು ಹುಟ್ಟಿದಳು. ಎಂಟು ತಿಂಗಳಿಗೇ ಹುಟ್ಟಿದವಳು, ಅಂಗೈಯಗಲ ಇದ್ದಳು. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ಅದರ ಉಡಿದಾರಕ್ಕೆ ತೂತಿನ ತಾಮ್ರದ ಕಾಸು ಕಟ್ಟುತ್ತಿದ್ದರು. ಅದನ್ನು ಕೊಂಡು ತರಬಾರದು, ಸ್ವಂತದ್ದೂ ಆಗಬಾರದು. ಮಕ್ಕಳು ಚೆನ್ನಾಗಿ ಬದುಕಿರುವ ಮನೆಯಿಂದ ಬೇಡಿ ತರಬೇಕು. ಕೂಸು ತಾನೇ ಹೊಸ್ತಿಲು ದಾಟಿ ನಡೆದ ದಿನ, ಒಂದು ಹೆಂಟೆ ಬೆಲ್ಲದ ಜೊತೆ ಹಿಂತಿರುಗಿಸಬೇಕು.

"ಅದನ್ನ ಕಟ್ಟೋಣ, ತಾಯಿ-ಕೂಸಿನ ಕಾಸು" ಎಂದರು ಅತ್ತೆ. ಮರುಗಳಿಗೆ ತಾವೇ ಹಣೆ ಬಡಿದುಕೊಂಡರು. "ಅದು ನಮ್ಮದ ಆತಲ್ಲ!"

ಎದುರು ಮನೆಯಲ್ಲಿ ಒಬ್ಬ ಬಳೆಗಾರ್ತಿ ಇದ್ದಳು, ಸಾಬರಾಕೆ, ಐದು ಮಕ್ಕಳ ತಾಯಿ. ಐದೂ ಗಟ್ಟಿಮುಟ್ಟು. ನಮ್ಮವರು ಸಂಜೆ ಹೋಗಿ ಕಾಸನ್ನು ಆಕೆಗೆ ಕೊಟ್ಟು ಬಂದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹೆಗಲ ಮೇಲಿನ ಟವಲನ್ನು ಎರಡೂ ಕೈಯಲ್ಲಿ ಒಡ್ಡಿಕೊಂಡು, ಆಕೆಯ ಬಾಗಿಲ ಮುಂದೆ ನಿಂತರು. ನಾನು ಕೂಸನ್ನು ಎತ್ತಿಕೊಂಡು ಕಿಟಕಿಯಿಂದ ನೋಡುತ್ತಿದ್ದೆ.

"ಅಕ್ಕಾ, ನಿಮ್ಮನ್ಯಾಗ ತೂತಿನ ಕಾಸು ಐತಂತ. ನಮ್ಮ ಕೂಸಿಗೆ ಬೇಕಾಗಿತ್ತು."

"ಯಾವ ಕಾಸಣ್ಣಾ? ನಿನ್ನಿ ಸಂಜೀಕ ಒಬ್ಬಾತ ಬಂದು ಕೊಟ್ಟು ಹೋಗ್ಯಾನ, ಅದಾ? ಅದು ನಮ್ದು. ಯಾಕ ಕೊಡಬೇಕು?"

"ಅಕ್ಕಾ, ಮಸ್ಕಿರಿ ಬ್ಯಾಡ. ನಮ್ಮವ್ವ ನೋಡಾಕತ್ಯಾಳ."

"ನೋಡ್ಲಿ. ಮೊನ್ನಿ ಸ್ಟೀಲಿನ ಕೊಡಕ್ಕ ಎರಡು ರೂಪಾಯಿ ಬಿಡು ಅಂದ್ರ ಬಿಟ್ಟ್ಯಾ? ಈಗ ಬಂದ್ಯಾ ಟವಲ್ ಒಡ್ಡಿಕೊಂಡು. ಮೂರು ಸಲ ಕೇಳು. ಜೋರಾಗಿ ಕೇಳು, ಓಣಿಗೆಲ್ಲಾ ಕೇಳಂಗ."

ನಮ್ಮವರು ಓಣಿಗೆಲ್ಲ ಕೇಳುವಂತೆ ಮೂರು ಸಲ ಬೇಡಿದರು. ಮೂರನೆಯ ಸಲ ಬೇಡುವಾಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಬಳೆಗಾರ್ತಿಗೂ ಅದು ತಿಳಿಯಿತು. ನಗುವುದನ್ನು ನಿಲ್ಲಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ತನ್ನ ಐದನೆಯ ಮಗುವಿನ ಕೈಯಿಂದ ಕಾಸನ್ನು ಟವಲಿಗೆ ಹಾಕಿಸಿದಳು.

"ಹೊಸ್ತಿಲ ದಾಟಿದ ದಿನ ಬೆಲ್ಲ ತಗೊಂಡು ಬರಬೇಕು. ತಪ್ಪಿದ್ರ ಬಡ್ಡಿ ಹಾಕ್ತೀನಿ ನೋಡು."

ಮಗಳು ಹದಿನಾರು ತಿಂಗಳಿಗೆ ಹೊಸ್ತಿಲು ದಾಟಿದಳು. ಬೆಲ್ಲ ತೆಗೆದುಕೊಂಡು ಹೋಗಿ ಕಾಸು ಕೊಟ್ಟರೆ, ಬಳೆಗಾರ್ತಿ ಬೆಲ್ಲ ಇಟ್ಟುಕೊಂಡು ಕಾಸನ್ನು ಮುಂದಕ್ಕೆ ನೂಕಿದಳು. ಬಳೆ ಇಡಿಸಲು ಹೋದಲ್ಲೆಲ್ಲ ಆಕೆ ಈ ಸುದ್ದಿ ಹೇಳಿದ್ದಳು. ಉಜ್ಜಿನಿಯ ಒಂದು ಮನೆಯವರು ಆಗಲೇ ಕೇಳಿದ್ದರಂತೆ. ಉಜ್ಜಿನಿಯಿಂದ ಅದು ಕೂಡ್ಲಿಗಿ ಕಡೆಯ ಕುರಿಯವರ ಮನೆಗೆ ಹೋಯಿತು, ಅಲ್ಲಿಂದ ಬಂದು ತಂಬ್ರಹಳ್ಳಿಗೆ. ಪ್ರತಿ ಸಲವೂ ನಮ್ಮ ಅಂಗಡಿಗೆ ಬಂದೇ ಹೋಗುತ್ತಿತ್ತು. ಬೆಲ್ಲದ ಜೊತೆ ಕಾಸು ಬಂದ ದಿನ ನಮ್ಮವರು ಅದನ್ನು ಹುಣಸೆಹಣ್ಣಿನಲ್ಲಿ ತಾವೇ ತೊಳೆದು, ಹೊಸ ದಾರ ಪೋಣಿಸಿ ಇಡುತ್ತಿದ್ದರು. ಕುರಿಯವರ ಮನೆಯ ಅಜ್ಜಿ ಅದನ್ನು ತಮ್ಮ ಮನೆದೇವರೇ ಎಂದು ಹೇಳಿಕೊಂಡು ಹೋದಳು. ಅಲ್ಲ, ಅದು ಇಟಲಿಯದು ಎಂದು ನಾನು ಹೇಳಹೋದರೆ ನಮ್ಮವರು ಕಣ್ಣಲ್ಲೇ ತಡೆದರು.

"ಇಟಲ್ಯಾಗ ಪಕ್ಕದ ಊರಾಗ ನಡೀಲಿಲ್ಲ ಅದು, ಪಾಪ. ಇಲ್ಲಿ ಊರೂರಾಗ ನಡೀತೈತಿ. ನಡೀಲಿ ಬಿಡು."

ಸವೆಯುತ್ತಲೂ ಇತ್ತು. ಮಕ್ಕಳ ಬೆವರು, ಎಣ್ಣೆ, ಎರೆಯುವ ನೀರು. ತಾಯಿಯ ಮುಖ ಬರಬರುತ್ತಾ ಒಂದು ಉಬ್ಬು ಮಾತ್ರ ಆಯಿತು. ಕೂಸು ಕೂಸಿನಂತೆಯೇ ಇತ್ತು, ಅದು ಸ್ವಲ್ಪ ತಗ್ಗಿನಲ್ಲಿತ್ತಲ್ಲ.

ಮಗಳಿಗೆ ಎಂಟು ವರ್ಷವಾದಾಗ ನಮ್ಮವರು ಹೋದರು. ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯುವಾಗ ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ದಾವಣಗೆರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಮುಗಿಯಿತು. ಅದರ ಬಗ್ಗೆ ಇನ್ನೂ ಬರೆಯಲು ನನಗೆ ಬರುವುದಿಲ್ಲ.

ಮನೆಯ ಪಾತ್ರೆಗಳಲ್ಲಿ ಅವರ ಅಕ್ಷರ ಸಿಗದ ದಿನ ನನಗೆ ಆ ಕಾಸು ಬೇಕು ಅನ್ನಿಸಿತು. ಅನ್ನಿಸಿತು ಎಂದರೆ ಸಾಲದು, ಹಸಿವಾದ ಹಾಗೆ ಆಯಿತು. ಅವರೇ ಹಂಡೆಯ ತಳದಿಂದ ಎಬ್ಬಿಸಿದ್ದು, ಅಷ್ಟು ಸಲ ತೊಳೆದದ್ದು, ಟವಲ್ ಒಡ್ಡಿ ಬೇಡಿದ್ದು. ಆಗ ಅದು ಹಲವಾಗಲಿನ ಒಂದು ಮನೆಯಲ್ಲಿತ್ತು. ಅವರು ಮೊದಲ ಕೂಸನ್ನು ಕಳೆದುಕೊಂಡವರು, ಎರಡನೆಯದಕ್ಕೆ ಕಟ್ಟಿಕೊಂಡಿದ್ದರು. ಲೆಕ್ಕ ಹಾಕಿದರೆ ಕೂಸಿಗೆ ಹದಿನಾಲ್ಕು, ಹದಿನೈದು ತಿಂಗಳು. ಹೋಗಿ ತಂದುಬಿಡಲೇ ಎಂದು ಬಳೆಗಾರ್ತಿಯನ್ನು ಕೇಳಿದೆ. ಆಕೆ ನನ್ನ ಬರಿಗೈ ಹಿಡಿದುಕೊಂಡಳು.

"ಹೋಗಿ ಬಾರವ್ವ. ಕೇಳಾದು ಬಿಡಾದು ಅಲ್ಲಿ ಹೋದಮ್ಯಾಲೆ ತಿಳಿತೈತಿ ನಿನಗ."

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಲವಾಗಲಿಗೆ ಹೋದಾಗ ಹತ್ತೂವರೆ ಹನ್ನೊಂದು. ಹೊಳೆ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಮನೆಯ ಅಜ್ಜಿಗೆ ನಾನು ಯಾರೆಂದು ಗೊತ್ತಾಯಿತು. ನಮ್ಮವರ ಸುದ್ದಿ ಅವರಿಗೆ ಮುಟ್ಟಿತ್ತು. ಯಾಕೆ ಬಂದೆ ಎಂಬುದೂ ಗೊತ್ತಾಗಿರಬೇಕು, ಯಾಕೆಂದರೆ ನಾನು ಕಟ್ಟೆಯ ಮೇಲೆ ಕೂರುವ ಮೊದಲೇ ಒಳಗಿನಿಂದ ಸೊಸೆ ಓಡಿ ಬಂದು, ಪಡಸಾಲೆಯಲ್ಲಿ ಕಂಬ ಹಿಡಿದು ನಿಂತಿದ್ದ ಕೂಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಹೆಣ್ಣುಕೂಸು. ಅಂಗಿ ಇಲ್ಲದ ಮೈಗೆ ಕರಿಯ ಉಡಿದಾರ, ಅದರ ತುದಿಗೆ ಕಾಸು. ಕೂಸು ಇಳಿಯುತ್ತೇನೆಂದು ಕಾಲು ಬಡಿಯುತ್ತಿತ್ತು.

"ಇನ್ನಾ ನಡೆಯವಲ್ದು ನೋಡವ್ವ ಇದು," ಎಂದಳು ಅಜ್ಜಿ. "ಬರೇ ಅಂಬೆಗಾಲು."

"ಭಾಳ ಸೋಮಾರಿ ಆಗೇತ್ರಿ," ಎಂದಳು ಸೊಸೆ, ನನ್ನ ಕಡೆ ನೋಡದೆ.

ಕೂಸಿನ ಪಾದದ ಅಡಿ ಅಂಗಳದ ಕೆಮ್ಮಣ್ಣು ಒಣಗಿ ಅಂಟಿತ್ತು. ನಾನು ಅದನ್ನು ನೋಡಿದ್ದನ್ನು ಅಜ್ಜಿಯೂ ನೋಡಿದಳು. ಕಾಸು ಕೊಟ್ಟುಬಿಡಿ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಅದನ್ನು ಬಿಟ್ಟು, ಸ್ವಲ್ಪ ನೀರು ಕೊಡ್ರಿ ಎಂದೆ.

ಸೊಸೆ ಕೂಸನ್ನು ಅಜ್ಜಿಯ ತೊಡೆಗೆ ಹಾಕಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು. ಎತ್ತಿ ಕುಡಿಯುವಾಗ ಹೆಬ್ಬೆರಳಿಗೆ ಒರಟಾಗಿ ಏನೋ ತಾಗಿತು. ತಿರುಗಿಸಿ ನೋಡಿದೆ. ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ತವರಿನವರ ಹೆಸರು, ಸೊಸೆಯ ಹೆಸರು. ಆಮೇಲೆ, ಕೊನೆಯ ಅಕ್ಷರದ ಆಚೆ, ಸ್ವಲ್ಪ ಕೆಳಗೆ, ಒಂದು ಚುಕ್ಕಿ.

"ಕೊಟ್ಟೂರಾಗ ಹಾಕಿಸಿದ್ದು," ಎಂದಳು ಸೊಸೆ. "ನನ್ನ ಮದಿವ್ಯಾಗ." ಹೇಳಿದ ಮೇಲೆ ಯಾರು ಹಾಕಿದ್ದೆಂದು ಅವಳಿಗೇ ಹೊಳೆಯಿತು.

ನಾನು ಆ ಚುಕ್ಕಿಯ ಮೇಲೆ ಬೆರಳಿಟ್ಟುಕೊಂಡು ನೀರನ್ನೆಲ್ಲ ಕುಡಿದೆ. ಇನ್ನೊಂದು ತಂಬಿಗೆ ಕೇಳಿದೆ. ಅದನ್ನೂ ಕುಡಿದೆ. ಅಳು ಬರಲಿಲ್ಲ, ಹೊಟ್ಟೆ ತಣ್ಣಗಾಯಿತು. ಮನೆಯಲ್ಲಿ ಹುಡುಕಿ ಹುಡುಕಿ ಸಿಗದೆ ಇದ್ದದ್ದು ಇಲ್ಲಿ, ಯಾರದೋ ನೀರಿನ ಮಾಡದಲ್ಲಿ, ದಿನಾ ತಿಕ್ಕಿಸಿಕೊಂಡು ಹೊಳೆಯುತ್ತಾ ಇತ್ತು.

ಅಷ್ಟರಲ್ಲಿ ಕೂಸು ಅಜ್ಜಿಯ ತೊಡೆಯಿಂದ ಜಾರಿ ಕೆಳಗಿಳಿಯಿತು. ಕಂಬ ಹಿಡಿದು ಎದ್ದು ನಿಂತು, ಅದನ್ನೂ ಬಿಟ್ಟಿತು. ಒಂದು, ಎರಡು, ಮೂರು ಹೆಜ್ಜೆ ಇಟ್ಟು, ಹೊಸ್ತಿಲ ಬಳಿ ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲು ಎತ್ತಿ ಈಚೆ ಹಾಕಿ, ಇನ್ನೊಂದನ್ನೂ ಈಚೆ ತಂದು, ಕೈ ಬಿಟ್ಟು ನನ್ನ ಮುಂದೆ ನಿಂತಿತು. ಬಹಳ ದಿನದಿಂದ ರೂಢಿ ಇದ್ದ ಹಾಗೆ. ನಿಂತು ನನ್ನ ಕೈಯ ತಂಬಿಗೆಗೆ ಕೈ ಚಾಚಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನು ತಂಬಿಗೆ ಕೆಳಗಿಟ್ಟು ಕೂಸನ್ನು ಎತ್ತಿಕೊಂಡೆ. ಕಾಸು ನನ್ನ ಅಂಗೈಗೆ ಒತ್ತಿತು. ಕೂಸಿನ ಮೈಯಷ್ಟೇ ಬೆಚ್ಚಗಿತ್ತು. ಚಿತ್ರವೇನೂ ಉಳಿದಿರಲಿಲ್ಲ ಅದರಲ್ಲಿ, ಕೂಸಿದ್ದ ಕಡೆ ಬೆರಳಿಗೆ ಒಂದು ಸಣ್ಣ ತಗ್ಗು ಮಾತ್ರ ಸಿಕ್ಕಿತು. ನಮ್ಮವರು ಟವಲ್ ಒಡ್ಡಿಕೊಂಡು ಮೂರನೆಯ ಸಲ ಬೇಡಿದ ದನಿ ಆಗ ನನಗೆ ಕೇಳಿಸಿತು. ಹೊಸ್ತಿಲಿಗೆ ಬಾಗಿ ಕೂಸನ್ನು ಒಳಗೆ ಇಳಿಸಿದೆ.

"ಹೌದ್ರಿ," ಎಂದೆ ಅಜ್ಜಿಗೆ. "ಇನ್ನಾ ನಡೆಯವಲ್ದು. ಗಟ್ಯಾಗಿ ನಡೆಯೋತನಕ ಇರ್ಲಿ."

ಸೊಸೆ ಅಳುತ್ತಲೇ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಉಂಡೇ ಹೋಗಬೇಕೆಂದು ಅಜ್ಜಿ ಹಟ ಹಿಡಿದಳು. ಉಂಡೆ. ತಾಟಿನ ಅಂಚಿನಲ್ಲೂ ಆ ಚುಕ್ಕಿ ಇತ್ತು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಹಲವಾಗಲಿನವರು ಬೆಲ್ಲದ ಜೊತೆ ಕಾಸು ತಂದುಕೊಟ್ಟರು. ಒಂದರ ಬದಲು ಎರಡು ಹೆಂಟೆ ಬೆಲ್ಲ ತಂದಿದ್ದರು. ಕಾಸನ್ನು ಹುಣಸೆಹಣ್ಣಿನಲ್ಲಿ ತೊಳೆದು, ಹೊಸ ದಾರ ಪೋಣಿಸಿ, ಹಡಗಲಿಯಿಂದ ಬೇಡಿಕೊಂಡು ಬಂದವರ ಸೆರಗಿಗೆ ಮಗಳ ಕೈಯಿಂದ ಹಾಕಿಸಿದೆ. ಈಗಲೂ ಯಾರದಾದರೂ ಮನೆಯಲ್ಲಿ ನೀರು ಕೊಟ್ಟರೆ, ಕುಡಿಯುವ ಮೊದಲು ತಂಬಿಗೆಯನ್ನು ಒಂದು ಸುತ್ತು ತಿರುಗಿಸಿ ಹೆಬ್ಬೆರಳು ಆಡಿಸುತ್ತೇನೆ.